ಸಿದ್ದರಾಜುವಿನ ಗಾಡಿ ನೋಡಲು ಹೋದದ್ದು

ಮಂಡ್ಯದಲ್ಲಿ ಬಸ್ಸು ಹತ್ತಿದಾಗ ಬೆಳಗ್ಗೆ ಹತ್ತೂವರೆ. ಮದ್ದೂರಿಗೆ ಇಪ್ಪತ್ತು ಕಿಲೋಮೀಟರ್, ಟಿಕೆಟ್ಟು ಮೂವತ್ತು ರೂಪಾಯಿ. ಹೆಂಗಸರಿಗೆ ಬಸ್ಸು ಪುಕ್ಕಟೆ. ದುಡ್ಡು ಕೊಟ್ಟ ನಾನು ಕಂಬಿ ಹಿಡಿದು ನೇತಾಡುತ್ತಿದ್ದರೆ ಅವರೆಲ್ಲ ಆರಾಮಾಗಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಮಳೆ ಬಂದು ಬಿಟ್ಟಿತ್ತು. ಬಿಸಿಲು ಬಿದ್ದು ಕಬ್ಬಿನ ಗದ್ದೆಗಳಿಂದ ಹಬೆ ಏಳುತ್ತಿತ್ತು.

ಈ ತಿರುಗಾಟಕ್ಕೆ ಕಾರಣ ನನ್ನ ತಂಗಿ ಸುಮಾ. ಹಳ್ಳಿ ಹಳ್ಳಿ ಸುತ್ತಿ ಹಸುಗಳಿಗೆ ಚುಚ್ಚುಮದ್ದು ಹಾಕುವ ಕೆಲಸ ಅವಳಿಗೆ ಸಿಕ್ಕಿತ್ತು. ಸ್ವಂತ ಗಾಡಿ ಇದ್ದರೆ ಸೋಮವಾರ ಬಾ, ಇಲ್ಲದಿದ್ದರೆ ಬರಬೇಡ ಎಂದಿದ್ದರು. ಸ್ಕೂಟರ್ ತಗೊಳ್ಳೇ ಎಂದರೆ, "ಆ ಕೆಸರಲ್ಲಿ ಸ್ಕೂಟ್ರು ನೀನೇ ಓಡ್ಸು, ನಂಗೆ ಗೇರ್ ಗಾಡೀನೇ ಬೇಕು" ಎಂದಳು. ಮೂರು ವರ್ಷ ಬಟ್ಟೆ ಹೊಲಿದು ಕೂಡಿಟ್ಟದ್ದಷ್ಟೂ ಈ ಗಾಡಿಗೆ. ಅದು ಹೋದರೆ ಕೆಲಸವೂ ಹೋಯಿತು, ಹೊಲಿಗೆಯೂ ನೀರಲ್ಲಿ ಹೋಮ.

ಫೋನಿನಲ್ಲಿ ಒಂದು ಜಾಹೀರಾತು ಅವಳ ಕಣ್ಣಿಗೆ ಬಿದ್ದಿತ್ತು. ಕಪ್ಪು ಬೈಕು, ಹಿಂದೆ ನೀಲಿ ಗೋಡೆ, ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಮಲ್ಲಿಗೆ ಗಿಡ. ಮಾರುವವನ ಹೆಸರು ಸಿದ್ದರಾಜು. ಮಿಲಿಟರಿಯಲ್ಲಿದ್ದಾನಂತೆ, ದೂರದ ಊರಿಗೆ ವರ್ಗವಾಗಿ ಅಗ್ಗಕ್ಕೆ ಕೊಡುತ್ತಿದ್ದಾನಂತೆ. ಸಂಜೆ ನಾಲ್ಕರೊಳಗೆ ಪೂರ್ತಿ ದುಡ್ಡು ಹಾಕಿದರೆ ಗಾಡಿ ಪಾರ್ಸೆಲ್ಲಿನಲ್ಲಿ ಮನೆ ಬಾಗಿಲಿಗೆ, ಇಲ್ಲವಾದರೆ ಬೇರೆಯವರ ಪಾಲು. ಆಧಾರ್ ಮತ್ತು ಆರ್‌ಸಿಯ ಜೆರಾಕ್ಸ್ ಚಿತ್ರಗಳನ್ನೂ ಕಳಿಸಿದ್ದ.

ಮಂಡ್ಯದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷದಿಂದ ಊರವರ ಕಾಗದ ಪತ್ರ ನನ್ನ ಕೈ ದಾಟಿಯೇ ಆಫೀಸಿಗೆ ಹೋಗುತ್ತವೆ. ನಕಲಿ ಕಾಗದ ನನ್ನ ಮುಂದೆ ನಡೆಯುವುದಿಲ್ಲ ಎಂಬ ಜಂಬ ಬೇರೆ. ಆ ಆರ್‌ಸಿ ಪ್ರತಿಯನ್ನು ದೊಡ್ಡದು ಮಾಡಿ ನೋಡಿದೆ. ಬಲ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಕರಿ ಗೆರೆ, ನಡುವೆ ಒಂದು ಬೆರಳಗಲ ತುಂಡಾಗಿತ್ತು. ಮೆಷಿನ್ನು ಹಳತಾದರೆ ಹಾಗೆ ಗೆರೆ ಬೀಳುತ್ತದೆ. ಯಾಕೋ ಆ ಕಾಗದ ನೋಡಿದೊಡನೆ ಗುರುತಿನವರು ಸಿಕ್ಕ ಹಾಗೆ ಸಮಾಧಾನವಾಯಿತು. "ಪೇಪರು ಸರಿಯಾಗೇ ಅವೆ ಕಣಮ್ಮ. ಆದ್ರೂ ಗಾಡಿ ನೋಡ್ಕಂಡು ಬತ್ತೀನಿ. ನಾಲ್ಕರೊಳಗೆ ನಾನು ಬ್ಯಾಡ ಅಂತ ಫೋನ್ ಮಾಡ್ಲಿಲ್ಲ ಅಂದ್ರೆ ದುಡ್ಡು ಆಕ್ಬುಡು" ಎಂದು ಹೊರಟೆ. ಎಂಥ ದಡ್ಡ ಕರಾರು ಅದು! ಫೋನ್ ಬಂದರೆ ಮಾತ್ರ ಹಾಕು ಎನ್ನಬೇಕಿತ್ತು.

ಮದ್ದೂರು ಬಸ್ ಸ್ಟ್ಯಾಂಡಿನ ಎದುರು ಅವನ ತಮ್ಮ ನಿಂತಿರುತ್ತಾನೆ, ನೀಲಿ ಶರ್ಟು ಹಾಕಿರುತ್ತಾನೆ, ಗಾಡಿ ತೋರಿಸುತ್ತಾನೆ ಎಂದು ಮಾತಾಗಿತ್ತು. ಹನ್ನೊಂದೂವರೆಯಿಂದ ನಿಂತೆ. ಹೊಟ್ಟೆ ಚುರುಗುಟ್ಟಿ ಎದುರಿನ ಹೋಟೆಲಿನಲ್ಲಿ ಎರಡು ವಡೆ ತಿಂದೆ, ಬಿಸಿಯಾಗಿ ಗರಿಗರಿಯಾಗಿದ್ದವು. ಟೀ ಲೋಟ ಇಟ್ಟ ಹೋಟೆಲಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ನೀಲಿ ಸರ್ಟಿನ ತಮ್ಮನ್ನ ಕಾಯ್ತಿದ್ದೀರಾ?"

ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. "ನಿಮ್ಗೆಂಗೆ ಗೊತ್ತು?" ಎಂದೆ.

"ವಾರಕ್ಕೊಬ್ರು ಬತ್ತಾರೆ ಕಣಣ್ಣ. ನೀವು ನಿಂತಿದ್ ಜಾಗದಲ್ಲೇ ನಿಂತ್ಕತಾರೆ. ನಾನಂತೂ ಆ ನೀಲಿ ಸರ್ಟ್ನ ಒಂದಿನಾನೂ ಕಂಡಿಲ್ಲ."

ಫೋನ್ ಮಾಡಿದೆ. ಆ ನಂಬರನ್ನು 'ಸಿದ್ದರಾಜು' ಎಂದೇ ಉಳಿಸಿಕೊಂಡಿದ್ದೆ. "ತಮ್ಮ ಈಗ ತಾನೇ ಹೊರಟುಹೋದ ಸರ್. ಗಾಡಿ ಪ್ಯಾಕ್ ಆಯಿತು. ನಂಬಿಕೆ ಇಡಿ, ನಾನು ಸೈನಿಕ" ಎಂದ. ನಮ್ಮ ಕಡೆಯ ಮಾತೇ ಅಲ್ಲ, ರೇಡಿಯೋದವರ ಕನ್ನಡ. ಮತ್ತೆ ಮಾಡಿದೆ. ಅದೇ ಮಾತು, ಅದೇ ಜಾಗದಲ್ಲಿ ಅದೇ ಉಸಿರು. ಬಿಸಿಲಲ್ಲಿ ನಿಂತಿದ್ದರೂ ಬೆನ್ನು ತಣ್ಣಗಾಯಿತು. ಆಮೇಲೆ ರೇಗಿತು. ನನಗೆ ಭಯವಾದರೆ ಹಿಂದೆಯೇ ಸಿಟ್ಟು ಬರುತ್ತದೆ, ಹುಟ್ಟುಗುಣ. ಆರ್‌ಸಿಯಲ್ಲಿ ಪೂರಿಗಾಲಿಯ ವಿಳಾಸವಿತ್ತು. ನಾಲ್ಕಕ್ಕೆ ಇನ್ನೂ ಹೊತ್ತಿದೆ, ಇವನ ಮನೆಯನ್ನೇ ನೋಡಿ ಆಮೇಲೆ ಸುಮಾಗೆ ಹೇಳೋಣ ಎಂದು ಮಳವಳ್ಳಿ ಬಸ್ಸು ಹತ್ತಿದೆ.

ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ದಾರಿ. ಅಲ್ಲಿಗೆ ಹೋಗುವಷ್ಟರಲ್ಲಿ ಒಂದೂವರೆ. ಪೂರಿಗಾಲಿ ಬಸ್ಸು ಆಗಲೇ ಹೋಗಿತ್ತು. ಆಟೋದವರೊಬ್ಬರ ಹತ್ತಿರ ಊರಿನ ಹೆಸರು ಹೇಳಿದೆ ಅಷ್ಟೇ, ಅವರು ಬೀಡಿ ಎಸೆದು, "ಗಾಡಿ ನೋಡಕ್ಕಾ?" ಎಂದರು.

"ನೀವೂ ಅವನ ಕಡೆಯವರೇನ್ರೀ?" ಎಂದು ರೇಗಿದೆ.

"ಯಾರ್ ಕಡೆಯವ್ನೂ ಅಲ್ಲ. ಪೇಟೆಯವ್ರು ಕೈಲಿ ಫೋನ್ ಇಡ್ಕಂಡು ಆ ಊರ್ಗೆ ಇನ್ಯಾಕ್ ಬತ್ತಾರೆ? ಕೂತ್ಕಳಿ. ಅಲ್ಲಿಗ್ ಓದ್ಮೇಲೆ ನಿಮ್ಗೇ ಗೊತ್ತಾಯ್ತದೆ."

ಹತ್ತಿ ಕೂತೆ. ಎರಡು ಕಡೆಯೂ ಕಬ್ಬು ಆಟೋಗಿಂತ ಎತ್ತರ ಬೆಳೆದು ರಸ್ತೆಯ ಮೇಲೆ ಬಾಗಿತ್ತು. ಮಟಮಟ ಮಧ್ಯಾಹ್ನ, ಗದ್ದೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿಗಳು ಒಂದೊಂದೇ ಇಳಿಯುತ್ತಾ ಬಂದವು. ಊರು ತಲುಪಿ ಬೀದಿಯ ಮೂಲೆಯಲ್ಲೇ ಅವರು ಆಟೋ ನಿಲ್ಲಿಸಿ ಇಂಜಿನ್ನು ಆರಿಸಿದರು. "ನಡ್ಕಂಡೋಗಿ. ಆ ಬೀದೀಲಿ ಇವತ್ತು ಎಡೆ ಇಡ್ತಾವ್ರೆ, ಗಾಡಿ ಸದ್ದು ಮಾಡ್ಬಾರ್ದು. ನಾನ್ ಇಲ್ಲೇ ಇರ್ತೀನಿ."

ಪಿತೃಪಕ್ಷ ಎಂಬುದು ನನಗೆ ಮರೆತೇಹೋಗಿತ್ತು. ನಮ್ಮ ಕಡೆ ಈ ಹದಿನೈದು ದಿನದಲ್ಲಿ ಮನೆಯವರು ತಮಗೆ ಬಂದ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡುಗೆ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಮಾತಾಡುವುದಿಲ್ಲ.

ಬೀದಿ ತಿರುಗಿದೆ. ಚಿತ್ರದಲ್ಲಿದ್ದ ನೀಲಿ ಗೋಡೆ ಎದುರಿಗಿತ್ತು, ಅದರ ಮುಂದೆ ಅದೇ ಕಪ್ಪು ಬೈಕು. ಪ್ಯಾಕೂ ಇಲ್ಲ, ಪಾರ್ಸೆಲ್ಲೂ ಇಲ್ಲ. ಆದರೆ ಮೊಣಕಾಲೆತ್ತರದ ಮಲ್ಲಿಗೆ ಸೂರು ಮುಟ್ಟಿತ್ತು. ಗಾಡಿಯ ಎರಡು ಟೈರೂ ಗಾಳಿಯಿಲ್ಲದೆ ನೆಲಕ್ಕೆ ಅಂಟಿದ್ದವು, ಟ್ಯಾಂಕು ಮಾತ್ರ ಈಗ ಒರೆಸಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ಸೀಟಿನ ಮೇಲೆ ಅರಿಶಿನ ಕುಂಕುಮ.

ಮುಚ್ಚಿದ ಬಾಗಿಲ ಮುಂದೆ, ಜಗಲಿಯ ಮೇಲೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಮಗು ಮಲಗಿತ್ತು. ನನ್ನನ್ನು ನೋಡಿ ಬೆರಳನ್ನು ತುಟಿಗಿಟ್ಟಳು. ನಾನು ಚಪ್ಪಲಿ ಬಿಟ್ಟು ನಿಂತೆ. ಒಳಗೆ ಏನೋ ಪಾತ್ರೆ ಸಣ್ಣಗೆ ಸದ್ದಾಯಿತು. ಬೆಕ್ಕಿರಬೇಕು ಎಂದುಕೊಂಡೆ.

ಆಗ ನನ್ನ ಫೋನು ಹೊಡೆದುಕೊಂಡಿತು. ಆ ನಿಶ್ಶಬ್ದದಲ್ಲಿ ಅದರ ಸದ್ದಿಗೆ ಮಗು ಬೆಚ್ಚಿ ಅತ್ತಿತು. ಗಡಿಬಿಡಿಯಲ್ಲಿ ಫೋನು ಜಾರಿ ಅವಳ ಕಾಲ ಬಳಿ ಮೇಲ್ಮುಖವಾಗಿ ಬಿತ್ತು. ಅವಳು ಬಗ್ಗಿ ಓದಿದಳು. ಓದಿ, ಮುಚ್ಚಿದ ಬಾಗಿಲನ್ನು ನೋಡಿದಳು, ಆಮೇಲೆ ನನ್ನನ್ನು. ಪರದೆಯ ಮೇಲೆ ಇದ್ದದ್ದು 'ಸಿದ್ದರಾಜು' ಎಂಬ ಹೆಸರು.

"ಎತ್ತಿ, ಸ್ಪೀಕರ್ ಆಕಿ" ಎಂದಳು ಮೆಲ್ಲಗೆ.

ಹಾಕಿದೆ. "ಸರ್, ನಾನು ಸಿದ್ದರಾಜು. ಮೂರು ಗಂಟೆಯಾಯಿತು. ನಿಮ್ಮ ತಂಗಿಗೆ ದುಡ್ಡು ಹಾಕಲು ಹೇಳಿ. ನಂಬಿಕೆ ಇಡಿ, ನಾನು..." ಅಷ್ಟರಲ್ಲಿ ಸಿಗ್ನಲ್ಲು ಸತ್ತು ಮಾತು ನಿಂತಿತು.

"ಇವತ್ತಿನವ್ನು ಬೇರೆ" ಎಂದಳು ಅವಳು. "ಓದ್ಸಲದವ್ನ್ ಗಂಟ್ಲು ದಪ್ಪ ಇತ್ತು. ನಮ್ಮೆಜಮಾನ್ರು ಅಂತ ಏಳ್ಕಳೋರು ಇದ್ವರ್ಗೂ ನಾಕ್ ಜನ ಆದ್ರು ಕಣಣ್ಣ."

"ನಿಮ್ಮ ಯಜಮಾನ್ರು ಎಲ್ಲಿ?" ಎಂದೆ, ಗೊತ್ತಿದ್ದೂ.

"ಎರಡೊರ್ಸ ಆಯ್ತು. ಸ್ನೇಹಿತ್ರ ಜೊತೆ ಮುತ್ತತ್ತಿಗೆ ಓಗಿದ್ರು, ಒಳೇಲಿ ಈಜಕ್ ಇಳುದ್ರು. ಗಾಡಿ ಮನೇಗ್ ಬಂತು, ಅವ್ರು ಬರ್ಲಿಲ್ಲ."

ತಟ್ಟನೆ ಸುಮಾ ನೆನಪಾದಳು. ಫೋನ್ ಹಿಡಿದು ಅಂಗಳದಲ್ಲೆಲ್ಲ ಓಡಾಡಿದೆ. ಒಂದು ಕಡ್ಡಿಯೂ ಇಲ್ಲ. "ಗಾಡಿ ಪಕ್ದಲ್ ನಿಂತ್ಕಳಿ, ಅಲ್ಲಾದ್ರೆ ಒಸಿ ಸಿಕ್ತದೆ" ಎಂದಳು ಅವಳು. ಆ ಗಾಡಿಯ ಟ್ಯಾಂಕಿಗೆ ಒರಗಿ ನಿಂತು ಮಾಡಿದೆ. ಎರಡು ಸಲ ಹೋಗಲಿಲ್ಲ. ಮೂರನೆಯ ಸಲ ರಿಂಗಾಯಿತು.

"ಅಣ್ಣ, ಅವ್ರು ಒಂದೇ ಸಮ ಫೋನ್ ಮಾಡ್ತಾವ್ರೆ. ನಂಬರೆಲ್ಲ ಒತ್ತಿದ್ದೀನಿ, ಪಿನ್ ಒಂದ್ ಬಾಕಿ" ಎಂದಳು ಸುಮಾ.

"ಬ್ಯಾಡ! ಕೈ ತೆಗಿಯೇ! ಸಿದ್ದರಾಜು ಸತ್ತು ಎರಡು ವರ್ಷ ಆಯ್ತು, ನಾನು ಅವ್ರ ಮನೆ ಮುಂದೇನೇ ನಿಂತಿದ್ದೀನಿ."

"ಮತ್ತೆ ಪೇಪರು ಸರಿಯಾಗವೆ ಅಂದಲ್ಲಣ್ಣ?" ಎಂದಳು. ಆಮೇಲೆ ಹೇಳ್ತೀನಿ ಎಂದು ಫೋನಿಟ್ಟೆ. ತಂಗಿಯ ದುಡ್ಡು ಉಳಿಯಿತು, ಅಷ್ಟೇ ಸಾಕು ಎನಿಸಿ ಅಲ್ಲೇ ನೆಲಕ್ಕೆ ಕೂತೆ.

ಜಗಲಿಯ ಮೇಲಿದ್ದವಳ ಹೆಸರು ಲತಾ. ಹೊತ್ತಾಯಿತೆಂದು ಬಾಗಿಲನ್ನು ಮೂರು ಸಲ ತಟ್ಟಿ, ಕೆಮ್ಮಿ, ತೆರೆದಳು. ಒಳಗಿರುವವರಿಗೆ ಹೊರಡಲು ಸೂಚನೆ ಅದು. ಎಲೆಯಲ್ಲಿ ಮುದ್ದೆ, ಬಾಡಿನ ಸಾರು, ಕಜ್ಜಾಯ. ಪಕ್ಕದಲ್ಲಿ ಮಡಿಕೆ ಬಿಚ್ಚದ ಹೊಸ ಶರ್ಟು, ಅದರ ಮೇಲೆ ಗಾಡಿಯ ಕೀ. ಶರ್ಟಿನ ಬಣ್ಣ ನೀಲಿ. ನಾನು ನೋಡಿದ್ದನ್ನು ಅವಳು ನೋಡಿ, "ಅವ್ರಿಗೆ ಅದೇ ಬಣ್ಣ ಇಷ್ಟ" ಎಂದಳು. ಮದ್ದೂರಿನ ನೀಲಿ ಶರ್ಟಿನ ಮಾತನ್ನು ನಾನು ಹೇಳಲಿಲ್ಲ.

ಅವರ ಕಾಗದಗಳು ಆ ಕಳ್ಳರ ಕೈಗೆ ಹೇಗೆ ಹೋದವು ಎಂದು ಕೇಳಿದೆ. "ನಾನ್ ಬಸ್ರಿ ಇದ್ದಾಗ ಎರ್ಗೆ ಖರ್ಚಿಗೆ ಅಂತ ಗಾಡಿ ಮಾರಕ್ ನೋಡುದ್ರು. ಯಾವನೋ ಮಿಲಿಟ್ರಿಯವ್ನಂತೆ, ತಗತೀನಿ ಅಂದು ಗಾಡಿ ಫೋಟೋ, ಪೇಪರ್ ಕೇಳ್ದ. ಕಳ್ಸುದ್ಮೇಲೆ ಪತ್ತೇನೇ ಇಲ್ಲ." ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೊಟ್ಟಳು. "ಮಂಡ್ಯದಲ್ ಆಪೀಸತ್ರ ಒಂದಂಗ್ಡೀಲಿ ಜೆರಾಕ್ಸ್ ಮಾಡ್ಸುದ್ರಂತೆ. ಅಂಗ್ಡಿಯವ್ರೇ ಕಂಪ್ಯೂಟ್ರಲ್ಲಿ ಅವ್ನಿಗೆ ಕಳಿಸ್ಕೊಟ್ರಂತೆ, ಒಳ್ಳೆಯೋರು."

ಪ್ರತಿಯನ್ನು ಬೆಳಕಿಗೆ ಹಿಡಿದೆ. ಬಲ ಅಂಚಿನಲ್ಲಿ ಕರಿ ಗೆರೆ, ನಡುವೆ ಬೆರಳಗಲ ಖಾಲಿ. ಎರಡು ವರ್ಷದ ಹಿಂದೆ ಗುಜರಿಗೆ ಹಾಕಿದ ನನ್ನ ಹಳೇ ಮೆಷಿನ್ನಿನ ಗೆರೆ. ಗಿರಾಕಿಗಳು ಬೈದರೂ ರಿಪೇರಿ ಮಾಡಿಸದೆ ಮುಂದೂಡಿದ ಗೆರೆ. ಬೆಳಗ್ಗೆ ಆ ಕಾಗದ ನನಗೆ ಗುರುತಿನದು ಅನಿಸಿದ್ದು ಸುಮ್ಮನೆ ಅಲ್ಲ. ನನ್ನದೇ ಕಾಗದವನ್ನು ನಂಬಿದ್ದಕ್ಕೆ ನನ್ನ ತಂಗಿಯ ದುಡ್ಡು ಹೋಗುತ್ತಿತ್ತು.

"ಕಳ್ಸಿದ್ದು ನಾನೇ ಕಣಮ್ಮ" ಎಂದೆ. ಬಾಯಿಂದ ಬಂದೇಬಿಟ್ಟಿತು. "ಯಾರಿಗೆ, ಯಾಕೆ ಅಂತ ಒಂದ್ ಮಾತು ಕೇಳ್ಲಿಲ್ಲ ನಾನು."

ಬೈಯುತ್ತಾಳೆ, ಹೊರಗೆ ನಡಿ ಎನ್ನುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಹತ್ತಿರ ಬಂದು, "ಅಂಗಾರೆ ನೀವು ಅವ್ರ ಜೊತೆ ಮಾತಾಡಿದ್ದೀರಿ. ಅವತ್ತು ನನ್ ಮೇಲೆ ಕ್ವಾಪ ಮಾಡ್ಕಂಡು ಉಣ್ದೆ ಓಗಿದ್ರು. ಮೊಖ ಎಂಗಿತ್ತು? ಏನಾರ ಅಂದ್ರಾ?" ಎಂದಳು.

ನನಗೆ ಏನೂ ನೆನಪಿರಲಿಲ್ಲ. ಎಷ್ಟು ತಡಕಿದರೂ ಆ ಮನುಷ್ಯನ ಮುಖ ಬರಲಿಲ್ಲ, ಗೆರೆಯೊಂದೇ ಬಂತು. "ನಗ್ತಾ ಇದ್ರು" ಎಂದು ಸುಳ್ಳು ಹೇಳಿದೆ. ಅವಳು ನನ್ನ ಕೈಯಿಂದ ಆ ಪ್ರತಿಯನ್ನು ತೆಗೆದು ಕವರಿಗೆ ಹಾಕಿದಳು. ಅದು ಸುಳ್ಳೆಂದು ಅವಳಿಗೆ ತಿಳಿಯಿತು.

ಹೊರಡುವಾಗ ಇನ್ನೊಂದು ಕಾಗದ ಕೈಗಿಟ್ಟಳು. ಮರಣ ಪ್ರಮಾಣಪತ್ರ. "ಬಂದ್ ಬಂದೋರಿಗೆಲ್ಲ ಬಾಯಲ್ಲಿ ಏಳಿ ಏಳಿ ಸಾಕಾಗೋಗದೆ. ಇದ್ನ ಇಪ್ಪತ್ ಜೆರಾಕ್ಸ್ ಮಾಡ್ಕೊಡಿ. ಇನ್ನು ಬಂದೋರ್ ಕೈಗೆ ಒಂದೊಂದು ಕೊಟ್ಬುಡ್ತೀನಿ."

ಮಳವಳ್ಳಿಯಿಂದ ಮಂಡ್ಯದ ಬಸ್ಸಿನಲ್ಲಿ ಸೀಟು ಸಿಕ್ಕಿತು. ದಾರಿಯಲ್ಲಿ ಆ ಹೆಸರು ನನ್ನ ಫೋನಿನಲ್ಲಿ ಮೂರು ಸಲ ಹೊಳೆದು ಆರಿತು. ನಾನು ಎತ್ತಲಿಲ್ಲ, ಅಳಿಸಲೂ ಕೈ ಬರಲಿಲ್ಲ. ಅಂಗಡಿಯಲ್ಲಿ ಸುಮಾ ಕಾಯುತ್ತಿದ್ದಳು. ಪಕ್ಕದ ಬೀದಿಯ ಮೆಕ್ಯಾನಿಕ್ಕಿನ ಹತ್ತಿರ ಒಂದು ಹಳೇ ಗಾಡಿ ನೋಡಿ, ಓಡಿಸಿ, ಅದರ ಮೈಮೇಲೆ ಕೆತ್ತಿದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಬಂದಿದ್ದಳು. ಅಣ್ಣನ ಕಣ್ಣನ್ನು ಇನ್ನು ನಂಬುವುದಿಲ್ಲವೆಂದು ಅದರರ್ಥ. ಸರಿಯೇ ಬಿಡಿ.

ಇಪ್ಪತ್ತು ಪ್ರತಿ ತೆಗೆದೆ. ಹೊಸ ಮೆಷಿನ್ನು, ಒಂದರಲ್ಲೂ ಗೆರೆಯಿಲ್ಲ. 'ಗಾಡಿ ನೋಡಲು ಬಂದವರಿಗೆ ಮಾತ್ರ' ಎಂದು ಪ್ರತಿಯೊಂದರ ಮೇಲೂ ಅಡ್ಡಲಾಗಿ ಬರೆದೆ. ಆಮೇಲೆ ಸ್ಕೇಲು, ಕರಿ ಪೆನ್ನು ತೆಗೆದುಕೊಂಡು ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದೊಂದಾಗಿ ಗೆರೆ ಎಳೆಯುತ್ತಾ ಹೋದೆ, ನಡುವೆ ಒಂದು ಬೆರಳಗಲ ಬಿಟ್ಟು. ಇನ್ನು ಯಾವ ಊರಿನಲ್ಲಿ, ಯಾರ ಫೋನಿನಲ್ಲಿ ಇದು ಕಂಡರೂ, ನನ್ನ ಕೈಯಿಂದ ಹೋದದ್ದೆಂದು ನನಗೆ ಗೊತ್ತಾಗಬೇಕು.