ಬೂಟು ಅಂಗಡಿಯ ಮುಂದಿನ ಸುವಾರ್ತೆ

ಬೀದಿಯಲ್ಲಿ ಸುವಾರ್ತೆಯ ಪ್ರಸಂಗ ಮುಗಿಸುತ್ತ ಎವರಿಸ್ತೊ ಗೊನ್ನೆತ್ ಕಣ್ಣು ಮುಚ್ಚಿಕೊಂಡು, ಜಡಿಮಳೆಯ ಸದ್ದನ್ನೂ ಮೀರಿಸುವ ದನಿಯಲ್ಲಿ, "ಯಾರಿಗೆ ಬೇಕೋ ಅವರು ನಾಚಿಕೊಳ್ಳದೆ ಕೈ ಎತ್ತಿ!" ಎಂದ. ಕಣ್ಣು ಬಿಟ್ಟರೆ ಸಂತೆಬೀದಿಯ ತುಂಬ ಕೈಗಳು. ಮುದುಕರು, ಕೊಡೆ ಹಿಡಿದ ಹೆಂಗಸರು, ಪಾದ್ರಿಗಳನ್ನು ಕಂಡರೆ ಉಗುಳುತ್ತಿದ್ದ ಮೀನಿನವನು ಕೂಡ! ಎವರಿಸ್ತೊ ಬೈಬಲನ್ನು ಎದೆಗೊತ್ತಿಕೊಂಡ. "ದೇವರಿಗೆ ಸ್ತೋತ್ರ" ಎಂದು ಇನ್ನೇನು ಅಳಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ ಕೂಗು ಬಂತು: "ಸಕ್ಕರೆ ಹಾಕಿದ್ದು ಯಾರಿಗೆ, ಹಾಕದ್ದು ಯಾರಿಗೆ?"

ಬೂಟು ಅಂಗಡಿಯ ಬಾಗಿಲಲ್ಲಿ ಎಲ್ಬಿಯ ಎಂಬಾಕೆ ಬಾಣಲೆ ಇಟ್ಟುಕೊಂಡು ನಿಂತಿದ್ದಳು. ಮೊಂತೆವಿದೇಯೊ ನಗರದಲ್ಲಿ ಮಳೆ ಬಿತ್ತೆಂದರೆ ತೊರ್ತಾ ಫ್ರೀತಾ ಆಗಲೇಬೇಕು. ನಡುವೆ ತೂತಿಟ್ಟು ಕೊಬ್ಬಿನಲ್ಲಿ ಕರಿದ ಆ ರೊಟ್ಟಿಯಿಲ್ಲದೆ ಅಲ್ಲಿ ಮಳೆ ಮಳೆಯಂತೆ ಅನ್ನಿಸುವುದೇ ಇಲ್ಲ. ಜನ ಎವರಿಸ್ತೊ ಕರೆದಿದ್ದಕ್ಕೆ ಬಂದವರಲ್ಲ, ಎಲ್ಬಿಯ ಕರಿದಿದ್ದಕ್ಕೆ ಬಂದವರು.

ಎಲ್ಬಿಯಳ ಗಂಡ, ಬೂಟು ರಿಪೇರಿಯ ವಾಷಿಂಗ್ಟನ್ ಬೆಂತಂಕೊರ್, ನಕ್ಕು ನಕ್ಕು ಸ್ಟೂಲಿನಿಂದ ಜಾರಿದ. ಆ ನಗು ಇಷ್ಟು ವರ್ಷಗಳಾದ ಮೇಲೂ ಅವನ ಪಕ್ಕೆಲುಬಿನಲ್ಲಿ ಎಲ್ಲೋ ಉಳಿದಿದೆ. ಮಳೆ ಬಂದಾಗಲೆಲ್ಲ ಹಳೆಯ ನೋವಿನ ಹಾಗೆ ಏಳುತ್ತದೆ.

"ಬೇಜಾರು ಮಾಡ್ಕೋಬೇಡ ಮಾರಾಯ," ಅಂದಿದ್ದ ಅವತ್ತು. "ನಿಮ್ಮ ಯೇಸುನೂ ರೊಟ್ಟಿ ಹಂಚಿದ್ನಲ್ಲ?"

"ಆತ ಮೊದಲು ಮಾತು ಹೇಳಿದ, ರೊಟ್ಟಿ ಆಮೇಲೆ," ಎಂದ ಎವರಿಸ್ತೊ.

"ಹಾಗಾದ್ರೆ ಮಾತಿಗೂ ಸ್ವಲ್ಪ ಸಕ್ಕರೆ ಹಾಕಪ್ಪ!"

ಎವರಿಸ್ತೊ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವನು. ವಾರವಿಡೀ ಮೀಟರ್ ಓದುತ್ತಿದ್ದ, ಭಾನುವಾರ ಸುವಾರ್ತೆ ಓದುತ್ತಿದ್ದ. ಎರಡಕ್ಕೂ ಜನ ಬಾಗಿಲನ್ನು ಅರ್ಧವೇ ತೆರೆಯುತ್ತಿದ್ದರು. ಅವನ ಪುಟ್ಟ ಪ್ರೊಟೆಸ್ಟೆಂಟ್ ಸಭೆಯವರು ಅವನನ್ನು ಬೀದಿಗೆ ಕಳಿಸಿದವರಲ್ಲ, ಬೇಡವೆಂದು ತಡೆದವರೂ ಅಲ್ಲ. ಯೇಸು ಕಲ್ವಾರಿ ಗುಡ್ಡದಲ್ಲಿ ಶಿಲುಬೆಗೇರಿ ಮೂರನೇ ದಿನ ಗೋರಿಯಿಂದ ಎದ್ದುಬಂದ ನೆನಪಿನ ಪವಿತ್ರ ವಾರಕ್ಕೆ ಸರ್ಕಾರವೇ ಪ್ರವಾಸ ವಾರ ಎಂದು ಹೆಸರಿಟ್ಟ ದೇಶ ಅದು. ರಜೆ ಹತ್ತಿರವಾದಾಗ ವಾಷಿಂಗ್ಟನ್ ಬಿಡದೆ ಕೆಣಕುತ್ತಿದ್ದ: "ಏನಪ್ಪ, ಈ ಸಲ ಪ್ರವಾಸ ಎಲ್ಲಿಗೆ?"

"ಕಲ್ವಾರಿಗೆ."

"ಹೋಟೆಲು ಚೆನ್ನಾಗಿದ್ಯಾ?"

"ಮೂರೇ ದಿನ. ಆಮೇಲೆ ರೂಮು ಖಾಲಿ."

ತೊರ್ತಾ ಫ್ರೀತಾದ ಆ ಭಾನುವಾರದಿಂದ ವಾಷಿಂಗ್ಟನ್ ಬೇಡದ ಕೆಲಸವೊಂದನ್ನು ಮೈಮೇಲೆ ಎಳೆದುಕೊಂಡ. ನಾಸ್ತಿಕನಾಗಿದ್ದುಕೊಂಡು ಪ್ರಸಂಗ ತಿದ್ದುವ ಕೆಲಸ. ಎವರಿಸ್ತೊ ಮುಗಿಸಿ ಬಂದು ಕೂತರೆ ಕಹಿ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿ, ಹೀರುವ ಕೊಳವೆ ಅವನ ಕಡೆ ತಿರುಗಿಸಿ ಶುರು ಮಾಡುತ್ತಿದ್ದ.

"'ವಿಮೋಚನೆ' ಅಂದೆ ನೋಡು, ಆ ಕೆಂಪು ಕೋಟಿನ ಹೆಂಗಸು ಅಲ್ಲಿಗೇ ಹೊರಟುಹೋದ್ಲು. ಆ ಪದ ಈ ಬೀದಿಯವರ ಕಾಲಿಗೆ ಸರಿಹೋಗಲ್ಲ, ಕಚ್ಚುತ್ತೆ."

"ಮತ್ತೆ ಏನನ್ಲಿ?"

"ಯಾರೋ ನಿನ್ನ ಹುಡುಕ್ಕೊಂಡು ಬಂದ್ರು ಅನ್ನು. ಆಮೇಲೆ ಆ ಕುರಿ ಕಥೆ. ಇಲ್ಲಿ ಕುರಿ ನೋಡಿದೋರು ಯಾರಯ್ಯ, ತಟ್ಟೇಲಿ ಬಿಟ್ಟು? ನಾಯಿ ಮಾಡು."

ಮುಂದಿನ ವಾರ ಕಳೆದುಹೋದ ಕುರಿ ಕಳೆದುಹೋದ ನಾಯಿಯಾಯಿತು. ಟೊಮೆಟೊ ಚೀಲ ಹಿಡಿದಿದ್ದ ಮುದುಕಿಯೊಬ್ಬಳು ಕೊನೆಯವರೆಗೂ ನಿಂತು, ಮೂಗು ಒರೆಸಿಕೊಂಡು, "ಸಿಕ್ತಲ್ಲ ಸದ್ಯ" ಎಂದು ಹೋದಳು. ವಾಷಿಂಗ್ಟನ್‌ಗೆ ತಾನೇ ನಾಯಿ ಹುಡುಕಿಕೊಟ್ಟಷ್ಟು ಹೆಮ್ಮೆ.

ಬುರುಡೆಯಲ್ಲಿ ಹೀರುವ ಆ ಕಹಿ ಸೊಪ್ಪಿನ ನೀರಿಗೆ ಅಲ್ಲಿಯವರು ಮಾತೆ ಅನ್ನುತ್ತಾರೆ. ಮಾತೆ ಕೈಯಲ್ಲಿದ್ದರೆ ಮಾತು ಬೇಕಿಲ್ಲ. ಆದರೆ ವಾಷಿಂಗ್ಟನ್‌ಗೆ ಒಂದು ಮಾತು ಬೇಕಿತ್ತು. ಎವರಿಸ್ತೊ ಇಡೀ ಬೀದಿಗೆ ದೇವರ ವಿಷಯ ಹೇಳುವವನು, ಇವನ ಪಕ್ಕ ಕೂತರೆ ಮಾತ್ರ ಫುಟ್‌ಬಾಲ್, ಮಂಡಿನೋವು, ಮಾಂಸದ ಬೆಲೆ. "ವಾಷಿಂಗ್ಟನ್, ನೀನೇನಂತೀಯ?" ಎಂದು ಒಂದು ದಿನವಾದರೂ ಕೇಳಬಾರದೆ? ವಾಷಿಂಗ್ಟನ್ ಅದಕ್ಕೊಂದು ಅದ್ಭುತವಾದ ನಿರಾಕರಣೆ ಸಿದ್ಧ ಮಾಡಿಟ್ಟಿದ್ದ. ವಿಜ್ಞಾನ, ಇತಿಹಾಸ, ಅಪ್ಪ ಹೇಳಿದ ಪಾದ್ರಿಯ ಕಥೆ, ಎಲ್ಲ ಇದ್ದವು ಅದರಲ್ಲಿ. ಅಟ್ಟೆ ಬಡಿಯುತ್ತ ಬಡಿಯುತ್ತ ಬಾಯಿಪಾಠವಾಗಿತ್ತು. ಕೇಳುವವನೇ ಇರಲಿಲ್ಲ. ಇಷ್ಟೊಂದು ಅಂಗಡಿಗಳಿರುವ ಬೀದಿಯಲ್ಲಿ ನನ್ನ ಅಂಗಡಿಯ ಮುಂದೆಯೇ ಯಾಕೆ ನಿಲ್ಲುತ್ತಾನೆ, ನನ್ನ ಕಿವಿಗೆ ಬೀಳಲಿ ಎಂದೇ ತಾನೇ, ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಪ್ರತಿ ವರ್ಷ ಬೇಸಿಗೆ ಮುಗಿದು ಚಳಿಗಾಲದ ಮಳೆ ಹಿಡಿದುಕೊಳ್ಳುವ ಮುಂಚೆ ಅವನು ಅಂಗಡಿ ಮುಂದಿನ ಕ್ಯಾನ್ವಾಸ್ ಚಪ್ಪರ ಇಳಿಸಿ, ಬೂಟಿನ ಸೂಜಿಯಿಂದ ಹೊಲಿದು, ಹೊಲಿಗೆಗೆ ಮೇಣ ಉಜ್ಜುತ್ತಿದ್ದ.

"ಮನೆ ಮಾಡು ಸೋರ್ತಿದೆ ರೀ, ಇಲ್ಲಿ ಬಟ್ಟೆ ಹೊಲೀತಾ ಕೂತಿದೀರ!" ಎಲ್ಬಿಯ ರೇಗುತ್ತಿದ್ದಳು.

"ಗಿರಾಕಿಗಳು ನೆನೀತಾರೆ ಕಣೆ."

"ಗಿರಾಕಿಗಳು ಒಳಗೆ ಬರ್ತಾರೆ. ಹೊರಗೆ ನಿಲ್ಲೋನು ಒಬ್ಬನೇ."

ಕೊನೆಗೆ ಎವರಿಸ್ತೊನ ಮಂಡಿ ಕೈಕೊಟ್ಟಿತು. ಕೊಲೋನಿಯಾ ಸೀಮೆಯಲ್ಲಿ ತಂಗಿಯ ಹಾಲಿನ ಡೈರಿ ಇತ್ತು, ಅಲ್ಲಿಗೆ ಹೋಗುವುದೆಂದಾಯಿತು. ಅವನ ಮುತ್ತಜ್ಜಂದಿರು ಕಟ್ಟಿದ ಊರು, ಮನೆಮನೆಯೂ ಅವನ ಸಭೆಯದೇ.

ಕೊನೆಯ ಭಾನುವಾರವೂ ಮಳೆ. ಸಂತೆ ಬೇಗ ಮುಗಿಯಿತು. ಪ್ರಸಂಗಕ್ಕೆ ನಿಂತವರು ಇಬ್ಬರು, ಅದರಲ್ಲೊಬ್ಬ ಬಸ್ಸಿಗೆ ಕಾಯುತ್ತಿದ್ದವನು. ಎವರಿಸ್ತೊ ನಾಯಿ ಕಥೆಯನ್ನೇ ಹೇಳಿ ಮುಗಿಸಿ, ಸ್ಟೂಲಿನ ಮೇಲೆ ಕೂತು ಮಂಡಿ ಒತ್ತಿಕೊಂಡ. ಎಲ್ಬಿಯ ಕೇಳದೆಯೇ ಸಕ್ಕರೆ ಹಾಕಿದ ಬಿಸಿ ರೊಟ್ಟಿಯೊಂದನ್ನು ಅವನ ಕೈಗಿಟ್ಟಳು.

"ಅಲ್ಲಿ ಯಾರಿಗೆ ಹೇಳ್ತೀಯೋ?" ವಾಷಿಂಗ್ಟನ್ ಕೇಳಿದ. "ಎಲ್ಲರೂ ನಂಬಿದೋರೇ."

"ಹಸುಗಳಿವೆ."

"ಅವೂ ಮೆಲುಕು ಹಾಕ್ತಾವೆ, ನುಂಗಲ್ಲ."

ಇಬ್ಬರೂ ನಕ್ಕರು. ಬುರುಡೆ ಒಬ್ಬನಿಂದ ಇನ್ನೊಬ್ಬನಿಗೆ ಹೋಗಿ ಬಂತು. ಬಸ್ಸಿನ ಹೊತ್ತಾಗುತ್ತಿತ್ತು. ಈಗ ಕೇಳದಿದ್ದರೆ ಬಾಯಿಪಾಠ ಮಾಡಿದ್ದೆಲ್ಲ ಹೊಟ್ಟೆಯೊಳಗೇ ಉಳಿಯುತ್ತದೆ ಎಂದು ವಾಷಿಂಗ್ಟನ್‌ಗೆ ಅನ್ನಿಸಿತು. ಬಿಸಿನೀರಿನ ಪಾತ್ರೆ ಕೆಳಗಿಟ್ಟ.

"ನಿಜ ಹೇಳು ಎವರಿಸ್ತೊ. ಇಷ್ಟು ವರ್ಷ ಎಲ್ಲ ಬಿಟ್ಟು ನನ್ನ ಅಂಗಡಿ ಮುಂದೇನೇ ಯಾಕೆ ನಿಂತೆ? ನನಗೋಸ್ಕರ ತಾನೇ?"

ಎವರಿಸ್ತೊ ರೊಟ್ಟಿಯ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು, ಸಕ್ಕರೆ ಬೆರಳು ನೆಕ್ಕಿ, ತಲೆಯೆತ್ತಿ ಮೇಲೆ ನೋಡಿದ.

"ಇಲ್ಲಪ್ಪ. ಈ ಬೀದೀಲಿ ಸೋರದೇ ಇರೋ ಚಪ್ಪರ ಇದೊಂದೇ."