ಕಾರವಾರದಿಂದ ಬಂದ ಅಕ್ಕಿ

ಕಿತ್ತೂರಿನಲ್ಲಿ ಬಸ್ಸಿಳಿದ ಆ ವಿದೇಶಿ ಹೆಂಗಸು ನನ್ನನ್ನು ಗುರುತಿಸಿ ಆಡಿದ ಮೊದಲ ಮಾತು, “ಬಾಳ ಹೊತ್ತಾತೇನವಾ?” ದನಿ ಅವಳದೇ. ಆದರೆ ಕೊನೆಯಲ್ಲಿ ಎಳೆದ ರೀತಿ ನನ್ನ ಗೆಳತಿಯದು.

ಗೆಳತಿ ರಾಮದುರ್ಗದವಳು. ಧಾರವಾಡದಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಮದುವೆಯಾಗಿ ಅವಳು ಕಾರವಾರಕ್ಕೆ ಹೋದಳು, ನಾನು ಬೈಲಹೊಂಗಲಕ್ಕೆ ಬಂದೆ. ಅವಳ ಮನೆಯ ಮಹಡಿಯ ಕೋಣೆಯಲ್ಲಿ ಮಳೆಗಾಲವೆಲ್ಲ ಬಾಡಿಗೆಗಿದ್ದು ದೋಣಿಗಳ ಚಿತ್ರ ಬರೆದಿದ್ದ ಈ ಹೆಂಗಸು ಈಗ ಗೆಳತಿಯ ತವರನ್ನು ನೋಡಲು ಹೊರಟಿದ್ದಳು. ದಾರಿಯಲ್ಲಿ ನಮ್ಮ ಮನೆಯಲ್ಲಿ ಕೆಲವು ದಿನ ಇರಲೆಂದು ಗೆಳತಿಯೇ ಫೋನಿನಲ್ಲಿ ಹೇಳಿದ್ದಳು.

ಆ ಮೊದಲ ಮಾತಿಗೇ ನನ್ನೊಳಗೆ ಏನೋ ಚುಚ್ಚಿತು. ಆಗಲೇ ಚುಚ್ಚಿತೋ, ಮುಂದಿನದೆಲ್ಲ ತಿಳಿದ ಮೇಲೆ ಅದನ್ನು ಆ ಗಳಿಗೆಗೆ ಹಚ್ಚಿಕೊಂಡೆನೋ, ಖಚಿತವಿಲ್ಲ. ದಿನಚರಿಯಲ್ಲಿ ಅಂದು ಬರೆದಿರುವುದು ಇಷ್ಟೇ: ಅತಿಥಿ ಬಂದರು. ಸೆಕೆ.

ಮನೆಗೆ ಬಂದೊಡನೆ ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಅಕ್ಕಿ ತೆಗೆದು ನನ್ನ ಅತ್ತೆಯ ಕೈಗಿಟ್ಟಳು. ಬರಿಗೈಯಲ್ಲಿ ಬರಬಾರದು ಎಂಬುದನ್ನು ಈ ದೇಶದಲ್ಲಿ ಕಲಿತಿದ್ದಳಂತೆ. ಅತ್ತೆಗೆ ಕಣ್ಣು ಮಂಜು. ಒಂದಿಷ್ಟು ಅಂಗೈ ಮೇಲೆ ಹಾಕಿಕೊಂಡು ಮೂಸಿ, ದಂಡೆಯ ಅಕ್ಕಿ ದಪ್ಪ ಇರುತ್ತದೆ ಎಂದು ಡಬ್ಬಿಗೆ ಸುರಿದರು.

ಊಟದ ಹೊತ್ತಿಗೆ ಅವಳ ಕಾರವಾರದ ಕಥೆ ಶುರುವಾಗುತ್ತಿತ್ತು. ಅವಳ ದೇಶದಲ್ಲಿ ಅವಳ ಊರು ಸಮುದ್ರದಿಂದ ದೂರ. ವರ್ಷಕ್ಕೊಮ್ಮೆ ರಜೆಗೆ ಹೋಗಿ ನೋಡಿ ಬರುವಂಥದ್ದು. ಕಾರವಾರದಲ್ಲಿ ಗುಡ್ಡಗಳು ನೀರಿನ ತುದಿಯವರೆಗೆ ಇಳಿದು ಬಂದು ನಿಂತದ್ದು ಅವಳಿಗೆ ನಂಬಲಾಗಿರಲಿಲ್ಲ. ಕಾಳಿ ನದಿ ಸಮುದ್ರ ಸೇರುವಲ್ಲಿ ನೀರಿಗೆ ಎರಡು ಬಣ್ಣ. ಒಣಗಿಸಲು ಹಾಕಿದ ಬಟ್ಟೆ ವಾರವಾದರೂ ಒಣಗದೆ, ಕೊನೆಗೆ ಒದ್ದೆಯದನ್ನೇ ಉಟ್ಟು ತಿರುಗಿದಳಂತೆ. ಮೀನು ಪೇಟೆಯಲ್ಲಿ ಒಬ್ಬ ಮುದುಕಿ ಇವಳ ಚಿತ್ರ ನೋಡಿ, ತನ್ನ ಬುಟ್ಟಿಯ ಮೀನಿಗೆ ಕಣ್ಣೇ ಇಲ್ಲವೆಂದು ಕೊಂಕಣಿಯಲ್ಲಿ ಬೈದು, ಕಣ್ಣು ಬರೆಯುವವರೆಗೆ ಬಿಡಲಿಲ್ಲವಂತೆ. ಒಳ್ಳೆಯ ಕಥೆಗಳೇ. ಆದರೆ ಪ್ರತಿಯೊಂದರ ಮೂಲೆಯಲ್ಲೂ ನನ್ನ ಗೆಳತಿ ನಿಂತಿದ್ದಳು: ಒದ್ದೆ ಬಟ್ಟೆಗೆ ನಗುತ್ತಾ, ಮುದುಕಿಯ ಬೈಗುಳವನ್ನು ಇವಳಿಗೆ ಬಿಡಿಸಿ ಹೇಳುತ್ತಾ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅತ್ತೆಗೆ ನಾನು ಕನ್ನಡದಲ್ಲಿ ಹೇಳಬೇಕಿತ್ತು. ಗುಡ್ಡ, ನದಿ, ಮೀನು ಎಲ್ಲ ಹೇಳಿದೆ. ಗೆಳತಿಯನ್ನು ಬಿಟ್ಟೆ.

ಎರಡನೆಯ ದಿನ ಅತ್ತೆ ರೊಟ್ಟಿ ಮುರಿಯುತ್ತಾ ಅಂದರು: “ಇಂಗ್ಲಿಷ್ ನನಗ ತಿಳಿಯೂದಿಲ್ಲ ಖರೆ. ನಿನ್ನ ಗೆಳತಿ ಹೆಸರ ನಾಕ ಸರತಿ ಕೇಳಿದೆ. ನಿನ್ನ ಬಾಯಾಗ ಒಮ್ಮೆನೂ ಬರಲಿಲ್ಲಲಾ ತಂಗಿ?”

ಅದೇ ದಿನ ಅವಳನ್ನು ಸವದತ್ತಿ ಕಡೆ ಕರೆದುಕೊಂಡು ಹೋದೆ. ಹೂಲಿಯ ಹಳೆಯ ಗುಡಿಗಳ ಮುಂದೆ ಅವಳು ಬಹಳ ಹೊತ್ತು ಕೂತು ಚಿತ್ರ ಬರೆದಳು, ನನಗೆ ಗೆದ್ದಂತಾಯಿತು. ಅಲ್ಲಿಂದ ನವಿಲುತೀರ್ಥಕ್ಕೆ. ಜಲಾಶಯ ತುಂಬಿತ್ತು. ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ಕಟ್ಟಿ ನಿಲ್ಲಿಸಿದ ಆ ನೀರನ್ನು ತೋರಿಸುವಾಗ ನಾನೇ ಕಟ್ಟಿಸಿದಷ್ಟು ಹೆಮ್ಮೆ. ಅವಳು ನೋಡಿದಳು, ಚೆನ್ನಾಗಿದೆ ಎಂದಳು. ಆಮೇಲೆ, ಇಲ್ಲಿ ಯಾರೂ ಈಜುವುದಿಲ್ಲವೇ ಎಂದು ಕೇಳಿ, ಗೆಳತಿ ಈಗ ಸಮುದ್ರದಲ್ಲಿ ಈಜುತ್ತಾಳೆ, ಸಂಜೆಯಾದರೆ ತಪ್ಪಿಸುವುದಿಲ್ಲ ಎಂದಳು.

ನಾನು ನಂಬಲಿಲ್ಲ. ಓದುವ ಕಾಲದಲ್ಲಿ ಇದೇ ನವಿಲುತೀರ್ಥಕ್ಕೆ ಬಂದಿದ್ದಾಗ ನೀರಿಗೆ ಹೆದರಿ ನನ್ನ ಕೈ ಹಿಡಿದುಕೊಂಡೇ ಇದ್ದವಳು ಅವಳು. ಕೈ ಬೆವೆತದ್ದು ಈಗಲೂ ನೆನಪಿದೆ. ಆದರೆ ಬೆವೆತ ಕೈ ಯಾರದು? ಹೆದರಿ ಹಿಡಿದವಳು ನಾನೇ ಇದ್ದಿರಬಹುದೇ? ಈ ಯೋಚನೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಬಂದದ್ದಕ್ಕೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು.

ಹಿಂತಿರುಗುವಾಗ, ಯರಗಟ್ಟಿಯಲ್ಲಿ ಚಹಾ ಕುಡಿಯುತ್ತಾ, ತಡೆಯಲಾರದೆ ಕೇಳಿದೆ: ನನ್ನ ಬಗ್ಗೆ ಅವಳು ಏನು ಹೇಳುತ್ತಾಳೆ? ಹೆಂಗಸು ಪ್ರಾಮಾಣಿಕವಾಗಿ ಯೋಚಿಸಿದಳು. ನೀವು ದಿನಾ ಬರೆಯುತ್ತೀರಿ ಅಂತ ಹೇಳಿದ್ದಾಳೆ, ಎಂದಳು. ಮತ್ತೆ? ಮತ್ತೇನೂ ನೆನಪಾಗಲಿಲ್ಲ ಅವಳಿಗೆ.

ಮರುದಿನ ಮಧ್ಯಾಹ್ನ ಅತ್ತೆ ಆ ಅಕ್ಕಿಯ ಅನ್ನ ಮಾಡಿದ್ದರು. ಎಲ್ಲರೂ ಊಟಕ್ಕೆ ಕೂತೆವು. ಎರಡನೆಯ ಸಲ ಬಡಿಸಿಕೊಂಡಾಗ ನನ್ನ ತಟ್ಟೆಗೆ ಅನ್ನದ ಜೊತೆ ಏನೋ ಗಟ್ಟಿಯಾದದ್ದು ಬಿತ್ತು. ಅರಿಶಿನದ ಕೊಂಬು. ಸುತ್ತಲಿನ ಅನ್ನವೆಲ್ಲ ಹಳದಿಯಾಗಿತ್ತು.

ಅತ್ತೆ ತುತ್ತು ಎತ್ತಿದ ಕೈ ಕೆಳಗಿಳಿಸಿದರು. “ಇದು ಉಡಿ ಅಕ್ಕಿ,” ಎಂದರು. “ಯಾರ ಉಡಿ ತುಂಬ್ಯಾರ ಈಕಿಗೆ? ಕೇಳು.”

ಕೇಳಬೇಕಿರಲಿಲ್ಲ. ನಮ್ಮಲ್ಲಿ ಮನೆಮಗಳು ತವರಿನಿಂದ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನ ಕೊಂಬು, ರವಿಕೆಯ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ನೀನು ನಮ್ಮವಳು, ಮತ್ತೆ ಬಾ ಎಂದು ಅದರ ಅರ್ಥ. ಆ ಅಕ್ಕಿಯನ್ನು ಅವಳು ತನ್ನ ಮನೆಗೇ ಒಯ್ದು ಅಟ್ಟು ಉಣ್ಣಬೇಕು, ನಡುವೆ ಇನ್ನೊಬ್ಬರ ಮನೆಯಲ್ಲಿ ಕೊಡುವಂತಿಲ್ಲ. ಇವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನು ವಿಷಯ ಹೇಳುತ್ತಿದ್ದಂತೆ ಅವಳು ಕೋಣೆಗೆ ಹೋಗಿ ಖಣ ತಂದು ತೋರಿಸಿದಳು. ಕಪ್ಪು ನೀಲಿ, ಕೆಂಪು ದಡಿ, ನಡುವೆ ಸಣ್ಣ ಹೂವು.

ಗೆಳತಿಯ ತಾಯಿ ರಾಮದುರ್ಗದ ಮನೆಯ ಮಗ್ಗದಲ್ಲಿ ನೇಯ್ದ ಖಣ ಅದು. ಹಾಸ್ಟೆಲಿನಲ್ಲಿ ಟ್ರಂಕಿನ ತಳದಿಂದ ತೆಗೆದು ತೋರಿಸಿದ್ದಳು. ಇದು ನಿನಗೆ ಎಂದಿದ್ದಳು, ಅಥವಾ ಅವಳು ಹಾಗೆ ಅನ್ನಲೆಂದು ನಾನು ಅಂದುಕೊಂಡಿದ್ದೆ.

ಅತ್ತೆ ಆಗಲೇ ಪರಿಹಾರದ ಯೋಚನೆಯಲ್ಲಿದ್ದರು. “ಆಕಿ ತವರಿನ ಅಕ್ಕಿ ನಾವು ಉಂಡೀವಿ. ಬರೇ ಉಡೀಲೆ ಹ್ಯಾಂಗ ಕಳಸೂದು? ನಾಳೆ ಹೋಗೂ ಮುಂದ ನೀನ ತುಂಬು.” ಆಮೇಲೆ ದನಿ ತಗ್ಗಿಸಿ, “ಗಂಡ ಅದಾನಂತೇನು?” ಎಂದು ಕೇಳಿದರು.

ಇದ್ದಾನೆ, ಆದರೆ ಬೇರೆ ಊರಲ್ಲಿರುತ್ತಾನಂತೆ ಎಂದೆ.

“ಇದ್ದಾನಲಾ. ಸಾಕು.”

ಸಂಜೆ ಮಾಳಿಗೆ ಹತ್ತಿ ಗೆಳತಿಗೆ ಫೋನು ಮಾಡಿದೆ. ಆಚೆ ಗಾಳಿಯ ಸದ್ದು, ದಂಡೆಯಲ್ಲಿದ್ದಳು. ಅತಿಥಿಯ ಬಗ್ಗೆ, ಊಟದ ಬಗ್ಗೆ ನಾಲ್ಕು ಮಾತಾಡಿ, ಅಕ್ಕಿಯ ಕಥೆ ಹೇಳಿದೆ. ಅವಳು ನಕ್ಕಳು. ಆಗ ಕೇಳಿಬಿಟ್ಟೆ: “ನಿಮ್ಮವ್ವ ನೇಯ್ದ ಖಣ ಆಕಿಗ್ಯಾಕ ಕೊಟ್ಟಿ?”

ಅವಳು ನಗು ನಿಲ್ಲಿಸಿದಳು. “ಉಡಿ ತುಂಬೂ ಮುಂದ ಒಳ್ಳೇದ ಕೊಡಬೇಕಲ್ಲ. ಇದ್ದದ್ದು ಅದೊಂದ.”

“ನನಗಂತ ಇಟ್ಟಿದ್ದಿಯಲಾ.”

“ಇಟ್ಟಿದ್ದೆ.” ಗಾಳಿ ಮತ್ತೆ ಜೋರಾಗಿ, ಅವಳ ದನಿ ತುಸು ಹಿಂದೆ ಸರಿಯಿತು. “ಎಷ್ಟ ವರ್ಷ ಇಟ್ಕೊಂಡಿರ್ಲಿ? ಒಮ್ಮೆ ಕಾರವಾರಕ್ಕ ಯಾರದೋ ಮದುವಿಗೆ ಬಂದಿ, ಮದುವಿಮನ್ಯಾಗ ನಿಂತ ಕಾಲ ಮ್ಯಾಲೆ ಮಾತಾಡಿಸಿ ಅಲ್ಲಿಂದನ ಹ್ವಾದಿ. ಈಕಿ ನನ್ನ ಮನ್ಯಾಗ ಕುಂತ್ಲು. ನೀ ಬಂದು ಕುಂತ್ರ ನಿನಗೂ ತುಂಬತೇನಿ. ಬರದಾಕಿ ಉಡಿ ಹ್ಯಾಂಗ ತುಂಬಲಿ?”

ಅವಳ ಮನೆಗೆ ಹೋಗಿದ್ದೆ, ಅವಳೇ ಉಡಿ ತುಂಬದೆ ಕಳಿಸಿದಳು ಎಂದು ಇಷ್ಟು ವರ್ಷ ನಂಬಿ ಮುನಿಸಿಕೊಂಡಿದ್ದೆ. ಮನೆಯ ಹೊಸ್ತಿಲು ತುಳಿದಿರಲೇ ಇಲ್ಲವೇ? ಹೊಸ್ತಿಲು ನೆನಪು ಮಾಡಿಕೊಳ್ಳಲು ನೋಡಿದೆ. ಕಂಡದ್ದು ಮದುವೆಮನೆಯ ಚಪ್ಪರ.

ಮರುದಿನ ಬೆಳಿಗ್ಗೆ ಉಡಿ ತುಂಬಿದೆ. ಒಳ್ಳೆಯ ಖಣವನ್ನೇ ಹಾಕಿದೆ, ಆದರೆ ಎರಡು ಸಲ ಟ್ರಂಕಿಗೆ ಮರಳಿಸಿ ಆಮೇಲೆ. ಹೆಂಗಸು ತನ್ನ ದುಪಟ್ಟಾವನ್ನು ಸರಿಯಾಗಿಯೇ ಒಡ್ಡಿದಳು. ಅದನ್ನು ಯಾರು ಕಲಿಸಿದ್ದರೆಂದು ಗೊತ್ತಿತ್ತು. ಈ ಸಲದ ಅಕ್ಕಿಯನ್ನು ನಿಮ್ಮ ದೇಶಕ್ಕೇ ಒಯ್ಯಿರಿ, ಬೇರೆಲ್ಲೂ ಕೊಡಬೇಡಿ ಎಂದು ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದೆ.

ಬಸ್ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸು ನಿಂತಿತ್ತು. ಅಲ್ಲಿಂದ ಅವಳು ಮತ್ತೆ ಕಾರವಾರಕ್ಕೆ ಹೋಗುವವಳು. ಅದಕ್ಕೇ ಅತ್ತೆ ಗೆಳತಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಅವಳ ಚೀಲದಲ್ಲಿ ಇಟ್ಟಿದ್ದರು. ಗೆಳತಿಗೆ ನಾನೇನಾದರೂ ಹೇಳಿ ಕಳಿಸುವುದಿದೆಯೇ ಎಂದು ಅವಳು ಕೇಳಿದಳು. ಏನೂ ಇಲ್ಲ ಎಂದೆ. ಅವಳು ಕಿಟಕಿಯ ಸೀಟು ಹಿಡಿಯಲು ಒಳಗೆ ಹೋದಾಗ, ಕೆಳಗಿದ್ದ ಚೀಲವನ್ನು ಎತ್ತಿಕೊಡುವ ಮೊದಲು, ಹೋಳಿಗೆ ಡಬ್ಬಿ ಹೊರಗೆ ತೆಗೆದುಕೊಂಡೆ.

“ಹೋಗಿ ಬರ್ತೇನವಾ,” ಎಂದಳು ಕಿಟಕಿಯಿಂದ. ಮತ್ತೆ ಅದೇ ಎಳೆತ.

ಡಬ್ಬಿಯೊಂದಿಗೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಡಬ್ಬಿ ನೋಡಿದರು, ನನ್ನ ಮುಖ ನೋಡಿದರು.

“ಆಕಿ ಕೈಯಾಗ ಕಳಸಾಕ ಮನಸಾಗಲಿಲ್ರಿ,” ಎಂದೆ. “ನಾನ ಒಯ್ತೇನಿ.”

“ಹಂಗಾರ ಲಗೂನ ಹೋಗು,” ಎಂದರು ಅತ್ತೆ. “ಹಳೇದಾಗಿ ಎಣ್ಣಿ ವಾಸನಿ ಬಂತಂದ್ರ ನಿನ್ನ ಗೆಳತಿ ತಿನ್ನೂದಿಲ್ಲ.”