ಉಪವಾಸದ ಉಪ್ಪು ಮತ್ತು ನನ್ನ ಎಡಗಿವಿ

ಪಾಠ ಹೇಳುತ್ತಿದ್ದೆ. ಕೋಣೆ ತಿರುಗಿತು.

ಸುಸ್ತಾದಾಗ ಬರುವ ತಲೆಸುತ್ತಲ್ಲ ಅದು. ಗೋಡೆ, ಫ್ಯಾನು, ಎದುರಿಗೆ ಕೂತ ಮಕ್ಕಳು, ಎಲ್ಲವೂ ಒಂದೇ ಕಡೆಗೆ ಸುತ್ತತೊಡಗಿದವು. ನೆಲ ಹಿಡಿದು ಮಲಗಿಬಿಟ್ಟೆ. ವಾಂತಿಯೂ ಆಯಿತು. ಅದು ನಿಂತ ಮೇಲೂ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿಯಿತು. ಶ್ರುತಿಪೆಟ್ಟಿಗೆಯ ಷಡ್ಜ ಬಲಗಿವಿಗೆ ಒಂದು ಥರ, ಎಡಗಿವಿಗೆ ಇನ್ನೊಂದು ಥರ ಕೇಳಿಸುತ್ತಿತ್ತು. ಪೆಟ್ಟಿಗೆಯೇ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಿದೆ.

ಪೆಟ್ಟಿಗೆ ಸರಿಯಾಗಿತ್ತು.

ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಸಂಗೀತ ಹೇಳಿಕೊಡುವವಳು ನಾನು. ಕಿವಿಯೇ ಕೈಕೊಟ್ಟರೆ ನನ್ನ ಹತ್ತಿರ ಇನ್ನೇನಿದೆ? ಕಿವಿ ಪರೀಕ್ಷೆಯ ಆಡಿಯೋಗ್ರಾಮ್ ನೋಡಿದ ಇಎನ್‌ಟಿ ಡಾಕ್ಟರು, ಇದು ಮೆನಿಯರ್ಸ್ ಡಿಸೀಸ್, ಒಳಗಿವಿಯಲ್ಲಿ ದ್ರವ ಹೆಚ್ಚಾಗಿದೆ ಎಂದರು. ಹೀಗೇ ಸುತ್ತು ಬರುತ್ತಿದ್ದರೆ ಕೇಳುವ ಶಕ್ತಿ ಇನ್ನೂ ಕುಗ್ಗಬಹುದು. ಮಾತ್ರೆ ಬರೆದು, "ಉಪ್ಪು ತುಂಬಾ ಕಮ್ಮಿ ಮಾಡ್ಬೇಕು ಮೇಡಂ" ಎಂದರು.

ಅಡುಗೆಯನ್ನು ಅತ್ತೆಯವರು ವಹಿಸಿಕೊಂಡರು. ಉಪ್ಪಿನಕಾಯಿ, ಹಪ್ಪಳ ಕಣ್ಮರೆಯಾದವು. ಸುತ್ತು ಮಾತ್ರ ಬಿಡಲಿಲ್ಲ. ಹೆದರಿ ಪಾಠ ನಿಲ್ಲಿಸಿದೆ. ಆದರೆ ಸಾರು ಎಷ್ಟು ರುಚಿ! ಸಪ್ಪೆ ಊಟಕ್ಕೆ ಇಷ್ಟು ಬೇಗ ಒಗ್ಗಿಕೊಂಡೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಂಥ ಪೆದ್ದಿ ನಾನು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅತ್ತೆಯವರೂ ಜೊತೆಗೆ ಬಂದರು. ಡಾಕ್ಟರು ಊಟದ ಬಗ್ಗೆ ಕೇಳಿದ್ದೇ ತಡ, ಅತ್ತೆಯವರೇ ಮುಂದೆ ಬಾಗಿದರು.

"ಒಂದ್ ಹರಳು ಉಪ್ಪು ಹಾಕಿಲ್ಲ ಡಾಕ್ಟ್ರೇ. ಬರೀ ಸೈಂಧವ ಲವಣ. ಉಪವಾಸಕ್ಕೇ ನಡಿಯತ್ತೆ, ಇವಳ ಕಿವಿಗೆ ನಡಿಯಲ್ವಾ?"

"ಅಮ್ಮಾ, ಅದೂ ಉಪ್ಪೇ."

ವಾಪಸು ಬರುವಾಗ ಆಟೋದಲ್ಲಿ ಅತ್ತೆಯವರು ನನ್ನ ಪಕ್ಕಕ್ಕೆ ಸರಿದು ಕೂತರು. ಮಾಗಡಿ ರೋಡ್ ಸಿಗ್ನಲ್‌ನಲ್ಲಿ ನನ್ನ ಕೈ ಹಿಡಿದುಕೊಂಡರು. "ನಿಂಗೆ ಊಟ ಸೇರ್ಲಿ ಅಂತ ಹಾಕ್ದೆ ಕಣೇ. ನಂಗೆ ಗೊತ್ತಾಗ್ಲಿಲ್ಲ." ಸಿಟ್ಟೂ ಬಂತು, ನಗುವೂ ಬಂತು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಈಗ ಮನೆಯಲ್ಲಿ ನಿಜವಾದ ಸಪ್ಪೆ ಸಾರು. ಬೇಡವೆಂದರೂ ಅತ್ತೆಯವರೂ ಅದನ್ನೇ ಉಣ್ಣುತ್ತಾರೆ, ಮುಖ ಕಿವುಚಿಕೊಂಡು. ಮಾತ್ರೆಗಳಿವೆ, ಬ್ಯಾಲೆನ್ಸ್ ವ್ಯಾಯಾಮಗಳಿವೆ. ಸುತ್ತು ಅಪರೂಪವಾಗಿದೆ. ಎಡಗಿವಿ ಪೂರ್ತಿ ಮೊದಲಿನಂತಾಗುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಕಾಪಾಡಿಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಕಳೆದ ವಾರ ಪಾಠ ಮತ್ತೆ ಶುರು ಮಾಡಿದೆ. ಮಕ್ಕಳನ್ನು ಬಲಗಡೆಗೆ ಕೂರಿಸಿಕೊಂಡೆ. ಸರಳೆ ಹಾಡುತ್ತಿದ್ದ ಹುಡುಗಿಯೊಬ್ಬಳ ಮೇಲಿನ ಷಡ್ಜ ಕೂದಲೆಳೆಯಷ್ಟು ಇಳಿದಂತಿತ್ತು. ಹೇಳಲೋ ಬೇಡವೋ ಎಂದು ಬಲಗಿವಿಯನ್ನು ಅವಳತ್ತ ಇನ್ನಷ್ಟು ವಾಲಿಸಿದೆ.

"ಇನ್ನೊಂಚೂರು ಮೇಲೆ ಪುಟ್ಟಿ" ಎಂದೆ.

ಏರಿಸಿದಳು. ಶ್ರುತಿ ಸೇರಿತು. ನನಗೆ ಕೇಳಿಸಿತು.